ಗ್ಯಾನಪ್ಪನ ಕೊನೆಯ ಮಾತು

ಗ್ಯಾನಪ್ಪನನ್ನು ನಾನು ಕಣ್ಣಾರೆ ಕಂಡವನಲ್ಲ. ಅವನು ಯಲಬುರ್ಗಾ ಬಿಟ್ಟು ಸೊಲ್ಲಾಪುರದ ಗಿರಣಿಗೆಂದು ಹೊರಟಾಗ ನಾನಿನ್ನೂ ಕುಷ್ಟಗಿಯ ಸಾಲೆಯಲ್ಲಿ ಮಕ್ಕಳಿಗೆ ಉರ್ದುವಿನ ಅಲೀಫ್ ಬೇ ತಿದ್ದಿಸುತ್ತಿದ್ದೆ. ಆದರೂ ಈ ಏಳು ವರ್ಷಗಳಲ್ಲಿ ಅವನಷ್ಟು ಸಲ ನನ್ನ ಬಾಗಿಲಿಗೆ ಬಂದು ನಿಂತವರು ಬೇರೆ ಯಾರೂ ಇಲ್ಲ. ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಸುಳಿಯದ ಹೊತ್ತಿನಲ್ಲಿ ಬರುತ್ತಾನೆ. ತಲೆಗೆ ಬಿಳಿ ರುಮಾಲು ಸುತ್ತಿರುತ್ತಾನೆ. ಏನೋ ಹೇಳಲು ಬಾಯಿ ತೆರೆಯುತ್ತಾನೆ, ಮಾತು ಹೊರಡುವುದಿಲ್ಲ. ಎದ್ದು ಹೋಗಿ ನೋಡಿದರೆ ಹೊಸ್ತಿಲ ಮೇಲೆ ಬಿಸಿಲು ಬಿದ್ದಿರುತ್ತದೆ, ಅಷ್ಟೇ.

ಆ ಬಿಳಿ ರುಮಾಲನ್ನು ಅವನ ತಲೆಗೆ ಸುತ್ತಿದವನು ನಾನೇ. ನಿಜವಾದ ಗ್ಯಾನಪ್ಪನದು ಕೆಂಪು ರುಮಾಲು ಎಂದು ಅವನ ಹೆಂಡತಿ ಹೊಳಿಯಮ್ಮ ಹೇಳಿದ್ದಳು. ಕತೆಗೆ ಬಿಳಿ ಚೆನ್ನ ಅನ್ನಿಸಿತು, ಬದಲಿಸಿದೆ. ಬದಲಿಸಿದ್ದು ಅದೊಂದೇ ಆಗಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆಗ ನಾನು ದೊಡ್ಡ ಸಾಹಿತಿ. ಅಂದರೆ ಅದು ನನಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಾಗುವುದೊಂದು ಬಾಕಿ ಇತ್ತು. ಕುಷ್ಟಗಿಯಿಂದ ಯಲಬುರ್ಗಾಕ್ಕೆ ತಬಾದಲೆಯಾಗಿ ಬಂದಿದ್ದೆ. ಹಗಲು ನಿಜಾಮರ ಸಾಲೆಯಲ್ಲಿ ಹೊಟ್ಟೆಪಾಡಿನ ಉರ್ದು, ಸಂಜೆ ಮನೆಯ ಪಡಸಾಲೆಯಲ್ಲಿ ಕನ್ನಡ ಕತೆ. ಬರೆದದ್ದನ್ನು ಗದುಗಿಗೆ ಒಯ್ದು ಅಚ್ಚು ಹಾಕಿಸಬೇಕು. ನಮ್ಮ ಕಡೆ ಕನ್ನಡದ ಅಚ್ಚುಮೊಳೆ ಕಂಡವರೇ ಕಡಿಮೆ. ಊರಲ್ಲಿ ಓಡಾಡುತ್ತಿದ್ದ ಪುಸ್ತಕಗಳೆಂದರೆ ಪಂಚಾಂಗ, ಲಾವಣಿ, ದೊಡ್ಡಾಟದ ಹಾಡು, ಮೊಹರಂ ಹಬ್ಬದಲ್ಲಿ ಹೇಳುವ ಶೋಕದ ರಿವಾಯತ ಪದ. ಇವನ್ನೆಲ್ಲ ಕಂಡರೆ ನನಗೆ ಮೈಯುರಿ. ಜನರನ್ನು ಅಳಿಸಲೆಂದೇ ಬರೆಯುವುದು ಕಲೆಯಲ್ಲ, ಹೇಳದೆ ಬಿಟ್ಟದ್ದರಲ್ಲಿ ಕಲೆ ಇರುತ್ತದೆ ಎಂದು ಹೆಂಡತಿ ಶಂಕ್ರಮ್ಮನಿಗೆ ಪಾಠ ಹೇಳುತ್ತಿದ್ದೆ. ಅವಳು ಜೋಳ ಹಸನು ಮಾಡುತ್ತ ಹೂಂಗುಟ್ಟುತ್ತಿದ್ದಳು.

ಹೊಳಿಯಮ್ಮ ವಾರಕ್ಕೆರಡು ಸಲ ನಮ್ಮ ಮನೆಗೆ ಬೀಸಲು ಬರುತ್ತಿದ್ದಳು. ಮೂವತ್ತರ ಒಳಗಿನ ಹೆಂಗಸು, ಮಾತು ಕಡಿಮೆ. ಬೀಸುವ ಕಲ್ಲಿನ ಆಚೆ ಈಚೆ ಅವಳೂ ಶಂಕ್ರಮ್ಮನೂ ಕೂತು ಕಲ್ಲು ತಿರುಗಲು ಹತ್ತಿದರೆ ಮಾತ್ರ ಬಾಯಿ ಬಿಡುತ್ತಿದ್ದಳು. ಗೋಡೆಯ ಈಚೆ ನಾನು ಪೆನ್ಸಿಲು ಹಿಡಿದು ಕೂತಿರುತ್ತಿದ್ದೆ. ಅದು ಕಳವು ಅಂತ ಆಗ ಅನ್ನಿಸಿರಲಿಲ್ಲ. ಗಂಡ ಹೊರಟ ದಿನದ ಸಂಗತಿಯನ್ನು ಅವಳು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ, ಹೇಳಿದಾಗಲೆಲ್ಲ ಮಾತು ಅವೇ. ಹೊತ್ತು ಮೂಡಿತ್ತು. ಅವನು ತಂಬಿಗೆ ತುಂಬ ನೀರು ಕುಡಿದ. ರುಮಾಲು ಸುತ್ತಿದ. ಹೊಸ್ತಿಲು ದಾಟುವಾಗ ಬರ್ತೀನಿ ಅಂದ. ಓಣಿಯ ತಿರುವಿನಲ್ಲಿ ಎರಡು ಸಲ ಹಿಂತಿರುಗಿ ನೋಡಿದ. ಅಲ್ಲಿಗೆ ಬಂದು ಅವಳು ನಿಲ್ಲಿಸುತ್ತಿದ್ದಳು. ನಾಲ್ಕು ವರ್ಷದಿಂದ ಪತ್ರವಿಲ್ಲ, ಸುದ್ದಿಯಿಲ್ಲ; ಆ ಒಂದು ಮಾತಿನ ಮೇಲೆ ಕೈತುಂಬ ಬಳೆ ತೊಟ್ಟು, ಕುಂಕುಮ ಇಟ್ಟು ಕೂತಿದ್ದಳು.

ನಮ್ಮಲ್ಲಿ ಮನೆ ಬಿಡುವಾಗ ಹೋಗ್ತೀನಿ ಎಂದು ಯಾರೂ ಅನ್ನುವುದಿಲ್ಲ. ಪಕ್ಕದ ಮನೆಗೆ ಮಜ್ಜಿಗೆಗೆ ಹೋಗುವವರೂ ಬರ್ತೀನಿ ಅಂತಲೇ ಹೇಳುತ್ತಾರೆ. ಹಾಗಾಗಿ ಅದು ನನಗೆ ತೀರ ಸವೆದ ಮಾತಾಗಿ ಕಂಡಿತು. ಎಲ್ಲರ ಬಾಯಲ್ಲೂ ಇರುವ ಮಾತನ್ನು ಕತೆಯಲ್ಲಿ ಏಕೆ ಇಡಬೇಕು? ಕರಡು ಪ್ರತಿಯಲ್ಲಿ ‘ಬರ್ತೀನಿ’ಯನ್ನು ಹೊಡೆದುಹಾಕಿ ‘ಹೋಗ್ತೀನಿ’ ಎಂದು ಬರೆದೆ. ಅದರ ಕೆಳಗೆ, ಕತೆಯ ಕೊನೆಗೆ, ಎರಡೇ ಪದದ ಸಾಲು: ‘ಅವನು ಹೋದ.’ ಊರು ಬಿಟ್ಟು ಹೋದನೋ, ಲೋಕ ಬಿಟ್ಟು ಹೋದನೋ, ಹೋದ ಅಂದರೆ ಎರಡೂ ಆಗುತ್ತದಲ್ಲ. ಆ ದಿನ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಕತೆಯಲ್ಲಿ ಗಂಡ ಹೆಂಡಿರ ಹೆಸರು ಬೇರೆ ಇಟ್ಟಿದ್ದೆ, ಉಳಿದದ್ದು ಹೆಚ್ಚುಕಡಿಮೆ ಹೊಳಿಯಮ್ಮನದೇ.

ಮೂವತ್ತೊಂಬತ್ತನೆಯ ಇಸವಿಯಲ್ಲಿ ಪುಸ್ತಕ ಬಂತು. ಬನ್ನಿಕೊಪ್ಪದಲ್ಲಿ ರೈಲು ಇಳಿದು, ಚಕ್ಕಡಿಯಲ್ಲಿ ಪುಸ್ತಕದ ಗಂಟು ತೊಡೆಯ ಮೇಲಿಟ್ಟುಕೊಂಡು ಯಲಬುರ್ಗಾಕ್ಕೆ ಬಂದೆ. ದಾರಿಯಲ್ಲಿ ಸುಂಕ ವಸೂಲಿಯ ಕರೋಡಗಿರಿ ನಾಕೆಯವರು ಗಂಟು ಬಿಚ್ಚಿಸಿ, ಒಳಗೆ ಬಟ್ಟೆ ಬರೆ ಏನೂ ಇಲ್ಲದ್ದು ಕಂಡು, ಇಷ್ಟು ಕಾಗದ ಯಾರಿಗೆ ಎಂದು ಕೇಳಿದರು. ಜನರಿಗೆ ಅಂದೆ. ಅವರು ನಕ್ಕು ಬಿಟ್ಟುಕೊಟ್ಟರು.

ಜನರಿಗೆ ಅದನ್ನು ಮುಟ್ಟಿಸಿದವನು ದರ್ಜಿ ಮೆಹಬೂಬಸಾಬ. ಪೇಟೆಯಲ್ಲಿ ಕನ್ನಡವನ್ನು ತಡವರಿಸದೆ ಓದಬಲ್ಲವರು ನಾಲ್ಕು ಮಂದಿ ಇದ್ದರೆ ಅವರಲ್ಲಿ ಅವನೊಬ್ಬ. ಸಂಜೆ ಹೊಲಿಗೆ ನಿಲ್ಲಿಸಿ ಅಂಗಡಿಯ ಕಟ್ಟೆಯ ಮೇಲೆ ಕೂತು ಕೈಗೆ ಸಿಕ್ಕ ಪುಸ್ತಕ ಓದುತ್ತಿದ್ದ, ಕೇಳಲು ಮೂವತ್ತು ನಲವತ್ತು ಜನ ಸೇರುತ್ತಿದ್ದರು. ನಾನೇ ಹೋಗಿ ಒಂದು ಪ್ರತಿ ಕೊಟ್ಟು ಬಂದೆ. ನಾನು ಮರೆತದ್ದೇನೆಂದರೆ, ಮೆಹಬೂಬಸಾಬ ಮೊಹರಂನಲ್ಲಿ ರಿವಾಯತ ಹೇಳುವವನು. ಹತ್ತು ಊರು ಅತ್ತು ಕರೆಯುವಂಥ ಕಂಠ ಅವನದು. ಏನು ಓದಿದರೂ ಆ ಧಾಟಿ ಬಿಡುವುದಿಲ್ಲ. ಪಂಚಾಂಗ ಓದಿದರೂ ಯಾರೋ ತೀರಿಕೊಂಡಂತೆ ಕೇಳುತ್ತಿತ್ತು.

ಓದು ಮುಗಿಯುವ ಹೊತ್ತಿಗೆ ಬಜಾರು ಗಪ್ಪಾಗಿತ್ತು. ‘ಹೋಗ್ತೀನಿ ಅಂದ’ ಎನ್ನುವಲ್ಲಿ ಮೆಹಬೂಬಸಾಬ ಒಂದು ಉಸಿರು ತಡೆದ. ಆಮೇಲೆ ‘ಅವನು ಹೋದ’ ಎಂಬ ಎರಡು ಪದವನ್ನು ಎಳೆದು, ನಡುಗಿಸಿ, ನೆಲಕ್ಕೆ ಇಳಿಸಿಬಿಟ್ಟ. ಹೆಂಗಸರು ಸೆರಗು ಬಾಯಿಗೆ ಹಚ್ಚಿದರು. ಗಂಡಸರೂ ಮೂಗು ಒರೆಸಿಕೊಂಡರು. ಜನರನ್ನು ಅಳಿಸುವುದು ಕಲೆಯಲ್ಲ ಎನ್ನುತ್ತಿದ್ದ ನಾನು ಆ ಕಣ್ಣೀರು ನೋಡಿ ಎಷ್ಟು ಹಿಗ್ಗಿದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆಗ ಮುಂದೆ ಕೂತಿದ್ದ ಗಿಡ್ಡಪ್ಪ ಎನ್ನುವ ಹಿರಿಯ ನನ್ನ ಕಡೆ ತಿರುಗಿದ.

“ಮಾಸ್ತರ್ರ, ಹೋದ ಅಂದ್ರ ಸತ್ತನೇನ್ರಿ?”

ಇಲ್ಲಪ್ಪ, ಇದು ಕಟ್ಟುಕತೆ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ನಾಲಗೆಯ ಮೇಲೆ ಸಾಹಿತಿ ಕೂತಿದ್ದ.

“ಅದನ್ನ ಕೇಳೋರಿಗೆ ಬಿಟ್ಟೇನಿ,” ಅಂದೆ.

ಗಿಡ್ಡಪ್ಪ ತಲೆ ತಗ್ಗಿಸಿದ. ಒಬ್ಬೊಬ್ಬರಾಗಿ ಎದ್ದು ಹೋದರು. ನನ್ನ ಉತ್ತರ ಅವರ ಎದೆಗೆ ಇಳಿದಿದೆ ಎಂದುಕೊಂಡು ಮನೆಗೆ ಬಂದೆ.

ಇಳಿದೇ ಇತ್ತು. ಸಾವಿನ ಮನೆಗೆ ಸುದ್ದಿ ಒಯ್ಯುವವನು ಸತ್ತ ಎಂದು ಬಾಯಿ ಬಿಟ್ಟು ಹೇಳುವುದಿಲ್ಲ ಎಂಬುದು ಆ ಕಟ್ಟೆಯ ಮುಂದೆ ಕೂತ ಎಲ್ಲರಿಗೂ ಗೊತ್ತಿತ್ತು. ಹೆಚ್ಚುಕಡಿಮೆ ಆತು ಅನ್ನುತ್ತಾನೆ, ಹೋದ್ರು ಅನ್ನುತ್ತಾನೆ, ನೇರ ಕೇಳಿದರೆ ನೀವೇ ತಿಳಕೊಳ್ರಿ ಎಂದು ಮುಖ ತಿರುಗಿಸುತ್ತಾನೆ. ನಾನು ಮಾಡಿದ್ದು ಅದನ್ನೇ. ಹೆಸರು ಬೇರೆಯಿದ್ದರೂ ಕತೆ ಯಾರದೆಂದು ಊರಿಗೆ ಗೊತ್ತಿತ್ತು; ಮೇಲಾಗಿ ನಾನು ಗದುಗಿಗೆ ಹೋಗಿಬರುವ ಮನುಷ್ಯ, ಸೊಲ್ಲಾಪುರದ ರೈಲು ಬರುವುದೂ ಆ ಕಡೆಯಿಂದಲೇ. ಮಾಸ್ತರರಿಗೆ ಖಬರು ಸಿಕ್ಕಿದೆ, ಹೇಳಲು ಬಾಯಿ ಬಾರದೆ ಪುಸ್ತಕದಲ್ಲಿ ಹಾಕಿಸಿದ್ದಾರೆ ಎಂದು ಊರು ತಿಳಿಯಿತು. ಗ್ಯಾನಪ್ಪನ ತಾಯಿ ಫಕೀರಮ್ಮ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದಳು. ಅವಳು ಅಲ್ಲಿಂದ ಎದ್ದದ್ದೇ ಎದೆ ಬಡಿದುಕೊಳ್ಳುತ್ತ.

ಮರುದಿನ ನೀರಿಗೆ ಹೋದ ಶಂಕ್ರಮ್ಮ ಖಾಲಿ ಕೊಡ ಹಿಡಿದು ತಿರುಗಿ ಬಂದಳು. ಹೊಳಿಯಮ್ಮನ ಬಳೆ ಒಡೆದರಂತೆ ಎಂದಳು. ನಾನು ಚಪ್ಪಲಿ ಮೆಟ್ಟದೆ ಓಡಿದೆ.

ಅವಳ ಮನೆಯ ಮುಂದೆ ಜನ ತುಂಬಿದ್ದರು. ಗ್ಯಾನಪ್ಪನ ತಮ್ಮ ಗಾಳೆಪ್ಪ ಬಾಗಿಲಲ್ಲಿ ಕೂತಿದ್ದ. ಅದು ಕಟ್ಟಿದ ಕತೆ, ನನಗೆ ಯಾವ ಸುದ್ದಿಯೂ ಬಂದಿಲ್ಲ, ದೇವರಾಣೆ ಎಂದು ಅವನೆದುರು ಗೋಗರೆದೆ. ಅವನು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ.

“ನಿಮ್ಮ ಮನಸು ದೊಡ್ಡದೈತ್ರಿ ಮಾಸ್ತರ್ರ. ನಮ್ಮ ಅಳು ನೋಡಿ ಈಗ ಹಿಂದ ಸರೀಲಿಕ್ಹತ್ತೀರಿ. ಇರ್ಲಿ ಬಿಡ್ರಿ, ಹೇಳಿ ಉಪಕಾರ ಮಾಡೀರಿ.”

ಅಚ್ಚಾದ ಮಾತನ್ನು ಅಚ್ಚು ಹಾಕಿಸಿದವನೇ ಸುಳ್ಳು ಅಂದರೂ ನಂಬದ ಜನ. ಬೈಯಬೇಕೆಂದರೆ ಯಾರನ್ನು ಬೈಯಲಿ? ಸೊಲ್ಲಾಪುರದ ಎರಡು ಗಿರಣಿಗಳಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ನಾನೇ ಹೋಗಿ ಹುಡುಕಬಹುದಿತ್ತು. ರಜೆ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ರಜೆ ಕೇಳಿಯೇ ಇರಲಿಲ್ಲ.

ಹದಿಮೂರನೆಯ ದಿನ ಹೊಳಿಯಮ್ಮ ಮನೆಗೆ ಬಂದಳು. ಬೀಸಲಿಕ್ಕಲ್ಲ. ಪಡಸಾಲೆಯ ಕಂಬದ ಹತ್ತಿರ ನಿಂತಳು. ಅವಳ ಬರಿಗೈ ನೋಡಲಾರದೆ ನಾನು ನೆಲ ನೋಡುತ್ತ ಕೂತೆ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು.

“ಅವ ಬರ್ತೀನಿ ಅಂದಿದ್ದ್ರಿ. ನಾ ಶಂಕ್ರಮ್ಮಕ್ಕಾರಿಗೆ ಹಂಗ ಹೇಳಿದ್ದೆ. ಪುಸ್ತಕದಾಗ ಹೋಗ್ತೀನಿ ಅಂದ ಅಂತ ಐತಂತ. ನಿಮಗ ಯಾರು ಹೇಳಿದ್ರಿ? ಅವನ ಭೆಟ್ಟಿ ಆಗಿತ್ತೇನ್ರಿ?”

ಯಾರೂ ಹೇಳಲಿಲ್ಲ, ನಾನೇ ಬರೆದೆ ಎಂದೆ. ಯಾಕೆ ಎಂದಳು. ಯಾಕೆ ಎಂಬುದಕ್ಕೆ ನನ್ನಲ್ಲಿ ಒಂದು ತಾಸಿನ ಉತ್ತರವಿತ್ತು, ಪತ್ರಿಕೆಗೆ ಲೇಖನವಾಗುವಷ್ಟು. ಅವಳ ಮುಂದೆ ಅದರಲ್ಲಿ ಒಂದೇ ಸಾಲು ಉಳಿಯಿತು.

“ಮಾತಿಗೆ ವಜನ ಬರ್ಲಿ ಅಂತ, ಹೊಳಿಯವ್ವ.”

ಅವನು ಬರ್ತೀನಿ ಅಂದದ್ದಕ್ಕೆ ವಜನ ಇರಲಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅಂದಿನಿಂದ ಅವಳು ಬೀಸಲು ಬರುವುದನ್ನು ಬಿಟ್ಟಳು, ಶಂಕ್ರಮ್ಮ ನನ್ನ ಮುಂದೆ ಮನಸ್ಸು ಬಿಚ್ಚಿ ಮಾತಾಡುವುದನ್ನು ಬಿಟ್ಟಳು.

ಇದಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಧಾರವಾಡದ ಕಡೆಯ ಒಂದು ಪತ್ರಿಕೆ ನನ್ನ ಪುಸ್ತಕವನ್ನು ಹೊಗಳಿ ಬರೆಯಿತು. ಕೊನೆಯ ಸಾಲಿನಲ್ಲಿ ಒಂದು ಬದುಕೇ ಅಡಗಿದೆ ಎಂದು ಅದರಲ್ಲಿತ್ತು. ನಾನು ಆ ತುಣುಕನ್ನು ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟೆ. ನಲವತ್ತೊಂದರಲ್ಲಿ ಎರಡನೆಯ ಮುದ್ರಣದ ಮಾತು ಬಂದಾಗ ಗದುಗಿಗೆ ಹೋದೆ. ಪ್ರಕಾಶಕ ಈಶಪ್ಪನವರು ನನಗಿಂತ ಹಿರಿಯರು, ವ್ಯವಹಾರ ಬಲ್ಲವರು. ಒಂದು ಪದ ತಿದ್ದಬೇಕು, ‘ಹೋಗ್ತೀನಿ’ ತೆಗೆದು ‘ಬರ್ತೀನಿ’ ಮಾಡಬೇಕು ಎಂದೆ. ಅವರು ಕನ್ನಡಕ ಹಣೆಗೇರಿಸಿದರು.

“ಆ ಶಬ್ದದ ಮ್ಯಾಲೆ ಪುಸ್ತಕ ನಡದೈತಿ ದೇವೇಂದ್ರಪ್ಪ. ಬರ್ತೀನಿ ಅಂದು ಹೋಗೋರು ಊರ ತುಂಬ ಅದಾರ. ಅದನ್ನ ಓದಾಕ ಪುಸ್ತಕ ಯಾಕ ಬೇಕು?”

ಇದು ಕರಡು ತಿದ್ದುವಾಗ ನಾನೇ ಅಂದುಕೊಂಡಿದ್ದ ಮಾತು. ಹಟ ಹಿಡಿದಿದ್ದರೆ ಅವರು ತಿದ್ದುತ್ತಿದ್ದರು, ಅದು ನನಗೆ ಗೊತ್ತು. ಹಟ ಹಿಡಿಯಲಿಲ್ಲ. ಅವರ ಮನೆಯಲ್ಲೇ ಉಂಡು, ಎಲೆಅಡಿಕೆ ಹಾಕಿಕೊಂಡು, ಮಧ್ಯಾಹ್ನದ ರೈಲು ಹತ್ತಿದೆ. ಕಾರಣ ಈಗ ಮುಚ್ಚಿಟ್ಟು ಏನಾಗಬೇಕು? ಆ ಪದ ನನಗೂ ಇಷ್ಟವಿತ್ತು. ಅದಿಲ್ಲದೆ ನಾನು ಸಾಹಿತಿಯಲ್ಲ ಎನ್ನುವ ಭಯವಿತ್ತು.

ಗ್ಯಾನಪ್ಪ ಮೊದಲು ಕಾಣಿಸಿದ್ದು ಆ ರೈಲಿಳಿದು ಬಂದ ಮರುದಿನ. ಸಾಲೆ ಬಿಟ್ಟಿತ್ತು, ಊಟಕ್ಕೆ ಕೂತಿದ್ದೆ. ಹೊಸ್ತಿಲಾಚೆ ಯಾರೋ ನೀರು ಕುಡಿದು ತಂಬಿಗೆ ಕೆಳಗಿಟ್ಟ ಸದ್ದಾಯಿತು. ತಲೆಯೆತ್ತಿದರೆ ಬಿಳಿ ರುಮಾಲು. ಮುಖ ಮಾತ್ರ ಸರಿಯಾಗಿ ಕಾಣಲಿಲ್ಲ, ನಾನು ಕತೆಯಲ್ಲಿ ಅವನ ಮುಖ ಬರೆದೇ ಇರಲಿಲ್ಲ. ಬಾಯಿ ತೆರೆದ, ಮುಚ್ಚಿದ. ಅವನು ಏನು ಹೇಳಬೇಕೆಂದಿದ್ದಾನೆ ಎಂಬುದು ನನಗೆ ಗೊತ್ತಿತ್ತು, ಅದನ್ನು ಅವನ ಬಾಯಿಂದ ಕಿತ್ತುಕೊಂಡವನು ನಾನೇ. ಕೈಯಲ್ಲಿದ್ದ ರೊಟ್ಟಿಯ ತುತ್ತು ಹಾಗೇ ಉಳಿಯಿತು. ಯಾರ್ರಿ ಬಂದವರು ಎಂದು ಶಂಕ್ರಮ್ಮ ಒಳಗಿನಿಂದ ಕೇಳಿದಳು. ಅಂದರೆ ತಂಬಿಗೆಯ ಸದ್ದು ಅವಳಿಗೂ ಕೇಳಿಸಿತ್ತು. ಇಂದಿಗೂ ನನ್ನ ಮೈ ಜುಮ್ಮೆನ್ನುವುದು ಅದನ್ನು ನೆನೆದು.

ಹೆದರಿಕೆ ಕಲಿಸಿದ್ದನ್ನು ನಾಚಿಕೆ ಕಲಿಸಿರಲಿಲ್ಲ. ಮಸಿದೌತಿ, ಲೆಕ್ಕಣಿಕೆ ಜೋಳಿಗೆಯಲ್ಲಿ ಹಾಕಿಕೊಂಡು ನನ್ನ ಪುಸ್ತಕ ಇದ್ದ ಮನೆಗಳನ್ನು ಹುಡುಕಿಕೊಂಡು ತಿರುಗತೊಡಗಿದೆ. ಯಲಬುರ್ಗಾ ಮುಗಿಸಿ ಕುಷ್ಟಗಿ, ಅಲ್ಲಿಂದ ಗಂಗಾವತಿ, ಕಾರಟಗಿ. ಪುಸ್ತಕ ಇಸಿದುಕೊಂಡು ‘ಹೋಗ್ತೀನಿ’ ಹೊಡೆದು ಮೇಲೆ ‘ಬರ್ತೀನಿ’ ಬರೆದು ಕೊಡುತ್ತಿದ್ದೆ. ಹೊಸ ಮುದ್ರಣ ಮಾಡಿಸೋಣವೆಂದರೆ ಯುದ್ಧದಿಂದಾಗಿ ಕಾಗದವೇ ಇಲ್ಲ. ಕೆಲವರು ಮಾಸ್ತರರಿಗೆ ತಲೆ ಕೆಟ್ಟಿದೆ ಎಂದು ಪುಸ್ತಕ ಕೊಡಲೇ ಇಲ್ಲ. ಕುಷ್ಟಗಿಯಲ್ಲಿ ಒಬ್ಬ ಸಾವಕಾರ ಪುಸ್ತಕ ಹಾಳುಮಾಡಬೇಡ್ರಿ ಎಂದು ನನಗೇ ಬುದ್ಧಿ ಹೇಳಿದ. ನೂರಾ ಹನ್ನೊಂದು ಪ್ರತಿ ತಿದ್ದಿದೆ.

ಗಂಗಾವತಿಯಲ್ಲಿ ಶಂಕ್ರಮ್ಮನ ಅಕ್ಕ ಕಸ್ತೂರೆಮ್ಮನ ಮನೆಯಲ್ಲಿ ಇಳಿದುಕೊಂಡಿದ್ದೆ. ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದಿಗೆ ಎಚ್ಚರವಾಯಿತು. ಪಕ್ಕದ ಮನೆಯ ಇಬ್ಬರು ಹೆಂಗಸರು ಬೀಸುತ್ತ ಹಾಡುತ್ತಿದ್ದರು. ನಿದ್ದೆಗಣ್ಣಿನಲ್ಲಿ ಕೇಳುತ್ತಿದ್ದವನು ಎದ್ದು ಕೂತೆ.

ಹೋಗ್ತೀನಂದಾನ ಹೊಸ್ತಿಲ ದಾಟ್ಯಾನ
ಬಿಳಿಯ ರುಮಾಲ ಬಿಸಿಲಾಗ, ನನ ಗೆಣತಿ
ಹೋದಾಂವ ಹೋದ ಹೊಳಿಯಾಚಿ

ಎದ್ದು ಹೋಗಿ, ಈ ಹಾಡು ಎಲ್ಲಿ ಕಲಿತಿರಿ ಎಂದು ವಿಚಾರಿಸಿದೆ. ಹಿಂದಿನಿಂದ ಐತ್ರಿ, ನಮ್ಮವ್ವ ಹಾಡ್ತಿದ್ಲು ಎಂದು ಅವರಲ್ಲಿ ಹಿರಿಯಳು ಹೇಳಿದಳು. ಅವಳ ತಾಯಿ ತೀರಿಕೊಂಡು ಇಪ್ಪತ್ತು ವರ್ಷ ಆಗಿದೆಯೆಂದು ಆಮೇಲೆ ಕಸ್ತೂರೆಮ್ಮ ಹೇಳಿದಳು. ನನ್ನ ಪದ ನಾನು ಬರೆಯುವ ಮೊದಲೇ ಇದ್ದ ಪದವಾಗಿಬಿಟ್ಟಿತ್ತು. ಯಾವ ಹಾಡನ್ನು ನಾನು ಸಾಹಿತ್ಯವಲ್ಲ ಎಂದು ಜರಿಯುತ್ತಿದ್ದೆನೋ ಅದರ ಬಾಯಿಗೆ ನನ್ನ ಕತೆ ಹೋಗಿ ಸೇರಿತ್ತು. ಬೇರೆ ಬರಹಗಾರನಾಗಿದ್ದರೆ ಇದು ಜನ್ಮ ಸಾರ್ಥಕವಾಗುವ ಸುದ್ದಿ. ನಾನು ಮಸಿದೌತಿಯನ್ನು ಕಸ್ತೂರೆಮ್ಮನ ಹಿತ್ತಲಲ್ಲಿ ಚೆಲ್ಲಿ ಊರಿಗೆ ಬಂದೆ. ಹೆಂಗಸರ ಗಂಟಲಲ್ಲಿ ಇಳಿದದ್ದನ್ನು ಯಾವ ಲೆಕ್ಕಣಿಕೆಯಿಂದ ತಿದ್ದಲಿ?

ಉಳಿದದ್ದು ಒಂದೇ ಕಡೆ. ಊರೆಲ್ಲ ತಪ್ಪು ಹಾಡಿಕೊಳ್ಳಲಿ, ಹೊಳಿಯಮ್ಮನಿಗಾದರೂ ಅವಳ ಮಾತು ತಿರುಗಿ ಕೊಡಬೇಕು. ಅವಳು ಅಷ್ಟರಲ್ಲಿ ಯಲಬುರ್ಗಾ ಬಿಟ್ಟಿದ್ದಳು. ನನಗೂ ಕೊಪ್ಪಳಕ್ಕೆ ತಬಾದಲೆಯಾಯಿತು. ಹೋದ ವರ್ಷ ಶ್ರಾವಣದಲ್ಲಿ ಶಂಕ್ರಮ್ಮ ಸಂತೆಯಿಂದ ಬಂದವಳು, ಹೊಳಿಯಮ್ಮ ಇದೇ ಊರಲ್ಲಿದ್ದಾಳೆ, ಊರಂಚಿನ ನೇಕಾರರ ಮನೆಯೊಂದರಲ್ಲಿ ನೂಲಿನ ಕಂಡಿಕೆ ಸುತ್ತುತ್ತಾಳೆ ಎಂದಳು. ನನ್ನೊಡನೆ ಹಾಗೆ ತಾನಾಗಿ ಮಾತು ತೆಗೆದು ಅವಳು ಎಷ್ಟೋ ದಿನವಾಗಿತ್ತು. ತಿದ್ದಿದ ಒಂದು ಪ್ರತಿ ಕಂಕುಳಲ್ಲಿಟ್ಟುಕೊಂಡು ಹೊರಟೆ.

ಉದ್ದನೆಯ ಪಡಸಾಲೆಯಲ್ಲಿ ನಾಲ್ಕು ಹೆಂಗಸರು ರಾಟೆಯ ಮುಂದೆ ಕೂತಿದ್ದರು. ಅವರಲ್ಲಿ ಹೊಸದಾಗಿ ಸೇರಿದ ಕಳಕಮ್ಮ ಎಂಬವಳು ಹೊಳಿಯಮ್ಮನ ಗಂಡನ ವಿಷಯ ಕೇಳಿದ್ದಳೆಂದು ತೋರುತ್ತದೆ. ನಾನು ಹೊರಗೆ ಚಪ್ಪಲಿ ಬಿಡುವಾಗ ಹೊಳಿಯಮ್ಮನ ದನಿ ಕೇಳಿಸಿತು. ಹೊತ್ತು ಮೂಡಿತ್ತು. ತಂಬಿಗೆ ತುಂಬ ನೀರು ಕುಡಿದ. ಹೋಗ್ತೀನಿ ಅಂದ. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಕೈ ರಾಟೆ ತಿರುಗಿಸುತ್ತಲೇ ಇತ್ತು, ಮಾತು ಎಲ್ಲೂ ತಡವರಿಸಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ನಿಜವಾಗಿ ಗ್ಯಾನಪ್ಪ ಓಣಿಯ ತಿರುವಿನಲ್ಲಿ ಎರಡು ಸಲ ಹಿಂತಿರುಗಿ ನೋಡಿದ್ದ. ಬೀಸುವ ಕಲ್ಲಿನ ಮುಂದೆ ಕೂತು ಅವಳೇ ಹೇಳಿದ್ದಳು. ನೋಡಲಿಲ್ಲ ಎಂಬುದು ನನ್ನ ಪುಸ್ತಕದ ಸಾಲು.

ನನ್ನನ್ನು ಕಂಡು ಅವಳು ಎದ್ದು ನಿಂತಳು, ಅಕ್ಕಾರು ಆರಾಮೇನ್ರಿ ಎಂದು ವಿಚಾರಿಸಿದಳು. ಕುಡಿಯಲು ನೀರು ತಂದುಕೊಟ್ಟಳು. ಕೂದಲು ಅರ್ಧ ನರೆತಿತ್ತು. ನಾನು ಪುಸ್ತಕ ತೆರೆದು ಮಸಿಯಲ್ಲಿ ತಿದ್ದಿದ ಜಾಗ ತೋರಿಸಿದೆ.

“ಹೊಳಿಯವ್ವ, ಅವ ಬರ್ತೀನಿ ಅಂದಿದ್ದ. ನೀನ ಹೇಳಿದ್ದಿ, ನಾ ಗ್ವಾಡಿ ಈ ಕಡೆ ಕುಂತು ಕೇಳಿದ್ದೆ. ಹೋಗ್ತೀನಿ ಅನ್ನೋದು ನನ್ನ ಮಾತು. ಅವನ್ದಲ್ಲ.”

ಓದಲು ಬಾರದ ಅವಳು ಆ ಮಸಿಯ ಗೀರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಜ್ವರ ಬಂದವರನ್ನು ನೋಡುವ ಹಾಗೆ, ಕರುಣೆಯಿಂದ.

“ನೀವು ಆವತ್ತ ಅಲ್ಲಿದ್ದಿರೇನ್ರಿ ಮಾಸ್ತರ್ರ?”

ಇರಲಿಲ್ಲ ಅಂದೆ.

“ನಾ ಇದ್ದೆ,” ಅಂದಳು. ಕೂತು ರಾಟೆಗೆ ಕೈ ಹಚ್ಚಿದಳು. “ಬರ್ತೀನಿ ಅಂದಿದ್ರ ಬರ್ತಿದ್ದ್ನಲ್ರಿ. ನನ್ನ ಗಂಡ ಸುಳ್ಳಾಡಾಂವ ಅಲ್ಲ.”